ಮೂವರು ತವಿಟಯ್ಯರು, ಒಂದು ಮೊರ ತೌಡು

ನಾನಾಗ ನಿಮ್ಮಷ್ಟೇ ಇದ್ದೆ. ಹತ್ತು ತುಂಬಿ ಹನ್ನೊಂದಕ್ಕೆ ಬಿದ್ದಿತ್ತು. ನಾವಿದ್ದದ್ದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ. ಅಪ್ಪ ಬ್ಯಾಂಕಿನ ಗುಮಾಸ್ತ. ನಮ್ಮೂರು ಹಿರಿಯೂರಿನ ಕಡೆ ಒಂದು ಹಳ್ಳಿ. ಬ್ಯಾಂಕಿನವರು ಅಪ್ಪನನ್ನು ಮೊದಲು ವಿಜಯವಾಡಕ್ಕೆ ಹಾಕಿದರು, ನಾಲ್ಕು ವರ್ಷ ಆದಮೇಲೆ ಅಲ್ಲಿಂದ ಕಿತ್ತು ಸಮುದ್ರದ ದಡಕ್ಕೆ ತಂದು ನೆಟ್ಟರು. ಹೋದ ಕಡೆ ಎಲ್ಲ ನಾವೂ ಹೋದೆವು, ಹಿಟ್ಟಿನ ಡಬ್ಬ, ರುಬ್ಬುವ ಕಲ್ಲು ಸಮೇತ.

ಕಾಲೋನಿ ಅಂದರೆ ಈಗಿನ ಹಾಗೆ ಅಂಗಡಿ ಸಾಲು, ಟ್ಯೂಷನ್ ಬೋರ್ಡು ಅಂದುಕೊಳ್ಳಬೇಡಿ. ಆಗ ಒಂದು ಮನೆ ಎದ್ದಿದ್ದರೆ ಪಕ್ಕದ ಎರಡು ಸೈಟು ಖಾಲಿ. ಕಬ್ಬಿಣದ ಸರಳು ಆಕಾಶಕ್ಕೆ ಚುಚ್ಚಿಕೊಂಡು ನಿಂತ ಅರ್ಧ ಗೋಡೆಗಳು, ಮರಳಿನ ಗುಡ್ಡೆ, ಗುಡ್ಡೆಯ ಮೇಲೆ ನಾಯಿ. ಗಾಳಿ ಉಪ್ಪುಪ್ಪು. ತುಟಿ ನೆಕ್ಕಿದರೆ ರುಚಿ ಬರುತ್ತಿತ್ತು. ಕಿಟಕಿಯ ಸರಳು ಮೂರು ತಿಂಗಳಿಗೆ ತುಕ್ಕು ಹಿಡಿದು ಉದುರುತ್ತಿತ್ತು, ಒಣಹಾಕಿದ ಹಪ್ಪಳ ಎಷ್ಟು ದಿನ ಬಿಸಿಲಲ್ಲಿಟ್ಟರೂ ಮೆತ್ತಗೇ ಇರುತ್ತಿತ್ತು. ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಹಾಲಿನವನು ನಾಲ್ಕು ಎಮ್ಮೆ ಕಟ್ಟಿದ್ದ. ಅವುಗಳ ಸಗಣಿ ಅಲ್ಲೇ ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು. ಕಾಲೋನಿಯ ಆಫೀಸರುಗಳಿಗೆ ಅದು ಕಂಡರೆ ಆಗದು. ಹಾಲು ಮಾತ್ರ ಅವನದೇ ಆಗಬೇಕು.

ನನ್ನ ಹೆಸರು ನಿಮಗೆ ಗೊತ್ತು. ತೌಡಮ್ಮ. ತೌಡು ಅಂದರೆ ಏನು ಅಂತ ಗೊತ್ತಾ? ನೀವು ಅಕ್ಕಿಯನ್ನೇ ಪ್ಲಾಸ್ಟಿಕ್ ಚೀಲದಲ್ಲಿ ನೋಡಿದವರು. ಭತ್ತ ಮಿಲ್ಲಿಗೆ ಹಾಕಿದರೆ ಮೊದಲು ಹೊಟ್ಟು ಹಾರುತ್ತದೆ, ಆಮೇಲೆ ಅಕ್ಕಿಯ ಮೈಮೇಲಿನ ಕಂದು ಪುಡಿ ಉದುರುತ್ತದೆ. ಅದೇ ತೌಡು. ಎಮ್ಮೆಗೆ ನೀರಲ್ಲಿ ಕಲಸಿ ಇಡುತ್ತಾರೆ. ತೆಲುಗಿನಲ್ಲೂ ಅದು ಹೆಚ್ಚು ಕಡಿಮೆ ಅದೇ ಮಾತು. ನನ್ನ ಹೆಸರು ಯಾವ ಊರಿಗೆ ಹೋದರೂ ಬಚ್ಚಿಟ್ಟುಕೊಳ್ಳುವ ಹಾಗಿರಲಿಲ್ಲ.

ವಿಜಯವಾಡದಲ್ಲಿ ನಾವಿದ್ದದ್ದು ಗವರ್ನರ್‌ಪೇಟೆಯಲ್ಲಿ, ಒಣಮೆಣಸಿನಕಾಯಿ ಮಂಡಿಯ ಮಹಡಿ ಮೇಲೆ. ಮನೆಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ಅಲ್ಲೇ ಹತ್ತಿರದ ಸ್ಕೂಲಿಗೆ ನನ್ನನ್ನು ಹಾಕಿದರು. ಮೊದಲ ದಿನ ಹೆಸರು ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ 'ಮ್ಮ್ಯಾಂ' ಅಂತ ಎಮ್ಮೆ ಹಾಗೆ ಕೂಗಿದ. ಆವತ್ತಿನಿಂದ ಹಾಜರಿ ಕರೆದಾಗೆಲ್ಲ ಎಮ್ಮೆ ಕೂಗುತ್ತಿತ್ತು. ವಿಶಾಖಪಟ್ಟಣಕ್ಕೆ ಬಂದಮೇಲೆ ಹೊಸ ಸ್ಕೂಲು, ಹೊಸ ಮಕ್ಕಳು, ಎಮ್ಮೆ ಮಾತ್ರ ಅದೇ. ಇಲ್ಲಿನವರು ಒಂದು ಹೆಜ್ಜೆ ಮುಂದೆ ಹೋಗಿ ನನ್ನ ಚೀಲದಲ್ಲಿ ಹುಲ್ಲು ತುಂಬಿದರು. ನಾನು ಅತ್ತವಳಲ್ಲ. ಒಬ್ಬಳ ಜಡೆ ಹಿಡಿದು ಗೋಡೆಗೆ ಗುದ್ದಿದೆ. ಮೇಡಂ ನನ್ನನ್ನೇ ಬಿಸಿಲಲ್ಲಿ ನಿಲ್ಲಿಸಿದರು. ಆಮೇಲೆ ಅಮ್ಮನ ಬಾಣಂತನ ಬಂತು, ಮನೆಯಲ್ಲಿ ಕೆಲಸ ಇದೆ ಅಂತ ಸ್ಕೂಲಿಗೆ ಹೋಗುವುದು ಬಿಟ್ಟೆ. ಹದಿನೈದು ದಿನ ಆಗಿತ್ತು. ಅಪ್ಪನೂ ಕೇಳಲಿಲ್ಲ.

ಹುಟ್ಟಿದ್ದು ಗಂಡು. ನಿಮ್ಮ ಚಿಕ್ಕತಾತ. ಹುಟ್ಟಿದಾಗ ಇಷ್ಟೇ ಇಷ್ಟು, ಸುಲಿದ ಮೊಳಕೆಕಾಳಿನ ಹಾಗೆ. ಅಮ್ಮ ಅವನನ್ನು ನೆಲಕ್ಕೇ ಬಿಡುತ್ತಿರಲಿಲ್ಲ. ಅವನು ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಅದಕ್ಕೆ ಕಾರಣ ಇತ್ತು. ವಿಜಯವಾಡದಲ್ಲಿ ನನಗೊಬ್ಬ ತಮ್ಮ ಹುಟ್ಟಿದ್ದ, ಇಪ್ಪತ್ತು ದಿನ ಇದ್ದು ಹೋದ. ಆವಾಗ ಅಜ್ಜಿ ಊರಿನಿಂದ ಕಾಗದ ಬರೆಸಿದ್ದಳಂತೆ, 'ಕೂಸನ್ನ ತೌಡಿಗೆ ಕೊಳ್ಳಿ' ಅಂತ. ಅಪ್ಪ ಕಾಗದ ಓದಿ ಮಡಚಿ ಇಟ್ಟಿದ್ದ. ಈಗ ಅಪ್ಪ ಹೆಸರು ಆರಿಸಿಯಾಗಿತ್ತು. ಪ್ರದೀಪ. ಬ್ಯಾಂಕಿನ ಒಳ್ಳೆ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ನನಗೂ ಆ ಹೆಸರು ಹಿಡಿಸಿತ್ತು. ಆ ಹೆಸರಿಗೆ ಯಾವ ಪ್ರಾಣಿಯೂ ಕೂಗುವುದಿಲ್ಲ.

ಅಷ್ಟರಲ್ಲಿ ಅಜ್ಜಿ ಬಂದಳು. ಗುಂತಕಲ್ಲಿನಲ್ಲಿ ಒಂದು ರೈಲು ಬದಲಾಯಿಸಿ, ವಿಜಯವಾಡದಲ್ಲಿ ಇನ್ನೊಂದು ಬದಲಾಯಿಸಿ. ಕಂಕುಳಲ್ಲಿ ಒಂದು ಗಂಟು. ವಿಜಯವಾಡದ ಸ್ಟೇಷನ್ನಿಗೆ ಅಪ್ಪನೇ ಹೋಗಿ ಕರೆದುಕೊಂಡು ಬಂದಿದ್ದ. ಪ್ಲಾಟ್‌ಫಾರಂ ಮೇಲೇ ಗಂಟು ಬಿಚ್ಚಿ ನೋಡಿದರೆ ತೌಡು.

"ಅವ್ವಾ, ಈ ಸೀಮೆ ತುಂಬ ರೈಸ್ ಮಿಲ್ಲು. ಇಲ್ಲಿ ತೌಡು ಸಿಗಲ್ವಾ?" ಅಂದನಂತೆ ಅಪ್ಪ.

"ಇಲ್ಲಿ ತೌಡು ನಿನ್ನ ಬ್ಯಾಂಕಿನೋರು ತಿನ್ನಲಿ. ನನ್ನ ಮೊಮ್ಮಗನಿಗೆ ನಮ್ಮೂರಿಂದೇ ಆಗಬೇಕು" ಅಂದಳಂತೆ ಅಜ್ಜಿ.

ಈಗ ಆ ಪದ್ಧತಿ ಏನು ಅಂತ ಹೇಳಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಇಡುತ್ತಾರೆ. ಬೇಡದ ಕೂಸು ಅನ್ನುವ ಹಾಗೆ. ಬೇರೆ ಯಾರೋ ಬಂದು ಎತ್ತಿಕೊಳ್ಳುತ್ತಾರೆ. ಆಗ ಮನೆಯವರು ಹೋಗಿ ಒಂದು ಮೊರ ತೌಡು ಕೊಟ್ಟು ಕೊಂಡು ತರುತ್ತಾರೆ. ಎತ್ತಿಕೊಂಡವನು ಕೂಸಿನ ಕಿವಿಯಲ್ಲಿ ಹೆಸರು ಹೇಳಿ ಕೊಡಬೇಕು. ಇಷ್ಟು ಅಗ್ಗದ ಸರಕು ಯಾರಿಗೆ ಬೇಕು ಅಂತ ಸಾವು ಮುಂದಕ್ಕೆ ಹೋಗುತ್ತದೆ ಅನ್ನುವ ಲೆಕ್ಕ. ಅಜ್ಜಿಗೆ ಇನ್ನೂ ಒಂದು ಪಟ್ಟು ಇತ್ತು. ಎತ್ತಿಕೊಳ್ಳುವವನು ತಾನೂ ಹೀಗೆ ತೌಡಿಗೆ ಬಿಕರಿಯಾದವನೇ ಆಗಿರಬೇಕು, ಬದುಕಿ ಬಾಳಿದವನಾಗಿರಬೇಕು. ಹೆಸರೂ ತೌಡಿನದೇ ಇಡಬೇಕು.

ನನಗೂ ಅಜ್ಜಿ ಆಗಾಗ ಅನ್ನುತ್ತಿದ್ದಳು, 'ನಿನ್ನ ತೌಡಿಗೆ ಕೊಂಡಿದ್ದು ಕಣೇ' ಅಂತ. ಎಲ್ಲ ಮನೆಯಲ್ಲೂ ಮಕ್ಕಳಿಗೆ ಹಾಗೇ ಅನ್ನುತ್ತಾರಲ್ಲ, ಅಂಥದೇ ಮಾತು ಅಂದುಕೊಂಡಿದ್ದೆ. ನಾನೇ ಮೊದಲನೆಯವಳು, ನನಗಿಂತ ಮುಂಚೆ ಯಾರೂ ಇರಲಿಲ್ಲ. ಹೆಣ್ಣು ಹುಟ್ಟಿತು, ಅಗ್ಗದ ಹೆಸರು ಇಟ್ಟರು. ಇಷ್ಟೇ ನನ್ನ ತಿಳಿವಳಿಕೆ. ಈಗ ಇವನಿಗೂ ಆ ಹೆಸರೇ ಅಂದಾಗ ನನಗೆ ಸಿಟ್ಟು ಬಂತು. ನನ್ನ ಎಮ್ಮೆ ನನಗೆ ಸಾಕಾಗಿತ್ತು, ಅವನಿಗೊಂದು ಬೇರೆ ಕಟ್ಟುವುದು ಬೇಡ.

ಅಜ್ಜಿ ನಾಲ್ಕು ದಿನ ಕಾಲೋನಿ ಅಲೆದಳು. ಭಾಷೆ ಬಾರದು, ಅದಕ್ಕೆ ನನ್ನನ್ನು ಜೊತೆಗೆ ಎಳೆದುಕೊಂಡು ಹೋಗುತ್ತಿದ್ದಳು. 'ನಿಮ್ಮಲ್ಲಿ ತೌಡಿಗೆ ಬಿಕರಿಯಾದೋರು ಯಾರಾದ್ರೂ ಇದಾರಾ ಕೇಳು' ಅನ್ನುವುದು. ನಾನು ಗೇಟಿನಲ್ಲಿ ನಿಂತು ತೆಲುಗಿನಲ್ಲಿ 'ಊಟ ಆಯ್ತಾ ಅಂತ ಕೇಳ್ತಿದಾಳೆ' ಅನ್ನುವುದು. ಅವರು ನಕ್ಕು ಆಯ್ತು ಅನ್ನುವುದು. 'ಇಲ್ವಂತೆ ಅಜ್ಜಿ' ಅನ್ನುವುದು ನಾನು. ಹೀಗೆ ನಾಲ್ಕು ದಿನ ತಳ್ಳಿದೆ.

ಶನಿವಾರ ಬಂತು. ಸಾಯಂಕಾಲ ನಾಲ್ಕಕ್ಕೆ ತೊಟ್ಟಿಲು, ಹೆಸರಿಡುವುದು. ಅಪ್ಪನಿಗೆ ಬ್ಯಾಂಕು ಅರ್ಧ ದಿನ, ಎರಡು ಗಂಟೆಗೆ ಬರುತ್ತೇನೆ ಅಂತ ಸ್ಕೂಟರ್ ಒದ್ದು ಹೋದ. ಅಮ್ಮ ಕಡಲೆಬೇಳೆ ಬೇಯಲಿಕ್ಕಿಟ್ಟಿದ್ದಳು, ಒಬ್ಬಟ್ಟಿಗೆ. ಇನ್ನು ಎರಡು ಗಂಟೆ ತನಕ ಯಾರೂ ಸಿಗದಿದ್ದರೆ ಪ್ರದೀಪನೇ ಗಟ್ಟಿ ಅಂತ ನಾನು ಸೂರ್ಯನನ್ನು ನೋಡುತ್ತಾ ಕೂತೆ.

ಹಿಂದಿನ ಬೀದಿಯಲ್ಲಿ ಒಂದು ಮದುವೆ. ಬೆಳಗ್ಗೆಯಿಂದ ಬ್ಯಾಂಡು ಬಡಿಯುತ್ತಿತ್ತು. ಅಮ್ಮ ಬೆಲ್ಲ ತರಲು ಕಳಿಸಿದಾಗ ನಾನು ಅತ್ತ ಕಡೆಯಿಂದಲೇ ಹೋದೆ. ಭೀಮುನಿಪಟ್ಟಣದ ಕಡೆಯ ಬ್ಯಾಂಡಿನವರು. ಕೆಂಪು ಕೋಟು, ಭುಜದ ಮೇಲೆ ಜರಿಯ ಜಾಲರಿ, ಕೆಳಗೆ ಮಾಸಿದ ಲುಂಗಿ. ಕಂಕುಳಲ್ಲಿ ಬೆವರು ಕಪ್ಪಗೆ ಹರಡಿತ್ತು. ಮುಂದೆ ಒಬ್ಬ ಕೀಲುಕುದುರೆ ತೊಟ್ಟು ಕುಣಿಯುತ್ತಿದ್ದ. ಸೊಂಟಕ್ಕೆ ಬಿದಿರಿನ ಕುದುರೆ ಕಟ್ಟಿಕೊಂಡು, ಅದರ ಸುತ್ತ ಸೀರೆ ಇಳಿಬಿಟ್ಟು, ತಾನೇ ಕುದುರೆ ತಾನೇ ಸವಾರ. ಮುಖಕ್ಕೆ ಬಿಳಿ ಬಣ್ಣ, ಕೆನ್ನೆಗೆ ಎರಡು ಕೆಂಪು ಬಿಲ್ಲೆ. ಕುದುರೆ ಹಿಂದಕ್ಕೆ ಒದ್ದಾಗ ಮದುವೆಗೆ ಬಂದ ಹೆಂಗಸರು ಕಿರುಚುತ್ತಾ ನಗುತ್ತಿದ್ದರು.

ಹಾಡು ನಿಂತಿತು. ಮದುವೆ ಮನೆಯ ಯಜಮಾನ ಹೊಸಿಲ ಮೇಲಿಂದ ಕೂಗಿದ: "ಒರೇ ತವಿಟಯ್ಯಾ!"

ಮೂರು ತಲೆ ತಿರುಗಿದವು. ಕ್ಲಾರಿನೆಟ್ ಊದುವ ಸಣಕಲ ಮುದುಕ, ಡೋಲು ಬಾರಿಸುವ ಡೊಳ್ಳುಹೊಟ್ಟೆಯವ, ಕುದುರೆಯವ. ಮೂವರೂ ಒಟ್ಟಿಗೆ "ಅಯ್ಯಾ" ಅಂದರು.

"ಯಾರಾದ್ರೂ ಒಬ್ಬ ಬನ್ನಿ, ನೀರಿನ ಕೊಡ ಎತ್ತಬೇಕು" ಅಂದ ಯಜಮಾನ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಹೋಗಲಿಲ್ಲ.

ತವಿಟಯ್ಯ ಅಂದರೆ ಆ ಸೀಮೆಯಲ್ಲಿ ತೌಡಿಗೆ ಬಿಕರಿಯಾದವನು ಅಂತ. ನನಗೆ ನಿಂತಲ್ಲೇ ನಗು ಬಂತು. ನನ್ನ ಹೆಸರಿನವರು, ಒಬ್ಬರಲ್ಲ, ಮೂವರು, ಅದೂ ಕೆಂಪು ಕೋಟು ಹಾಕಿಕೊಂಡು. ಯಾರೂ ಎಮ್ಮೆ ಹಾಗೆ ಕೂಗುತ್ತಿರಲಿಲ್ಲ. ಬೆಲ್ಲ ಮರೆತು ಮನೆಗೆ ಓಡಿದೆ. ಹೇಳಬಾರದು ಅಂತ ದಾರಿಯುದ್ದಕ್ಕೂ ಅಂದುಕೊಂಡೆ. ಆದರೆ ನನ್ನ ಬಾಯಿ ಅವತ್ತೂ ಹೀಗೇ ಇತ್ತು, ಇವತ್ತಿನ ಹಾಗೇ. ಅಡಿಗೆಮನೆ ಬಾಗಿಲಲ್ಲಿ ನಿಂತು "ಅಜ್ಜೀ, ಮೂರು ಜನ ತೌಡಯ್ಯರು!" ಅಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಅಜ್ಜಿ ಚಪ್ಪಲಿ ಇಲ್ಲದೆ ಬೀದಿಯಲ್ಲಿದ್ದಳು.

ಬ್ಯಾಂಡಿನವರು ಬಾದಾಮಿ ಮರದ ನೆರಳಲ್ಲಿ ಕೂತು ಬೀಡಿ ಹಚ್ಚಿದ್ದರು. ಹೆಣ್ಣು ಕಳಿಸುವ ಹೊತ್ತಿಗೆ ಮತ್ತೆ ಬಾರಿಸಬೇಕು, ಅಲ್ಲಿ ತನಕ ಬಿಡುವು. ಅಜ್ಜಿ ಅವರ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕೂತು, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ ಕನ್ನಡದಲ್ಲಿ ಎಲ್ಲ ಹೇಳಿದಳು. ಅವರು ನನ್ನ ಮುಖ ನೋಡಿದರು. ಈ ಸಲ 'ಊಟ ಆಯ್ತಾ' ಅನ್ನಲಿಕ್ಕೆ ಆಗಲಿಲ್ಲ, ಅಜ್ಜಿ ತೋಳು ತೊಟ್ಟಿಲ ಹಾಗೆ ಮಾಡಿ ತೂಗಿ ತೋರಿಸಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ನಿಮ್ಮಲ್ಲಿ ನಿಜವಾಗಿ ತೌಡಿಗೆ ಬಿಕರಿಯಾದವರು ಯಾರು ಅಂತ ಕೇಳಿದೆ.

ಜಗಳ ಶುರುವಾಯಿತು.

"ನಾನೇ. ನನಗಿಂತ ಮುಂಚೆ ಹುಟ್ಟಿ ಐದು ಜನ ಹೋಗಿದಾರೆ" ಅಂದ ಡೋಲಿನವ.

"ಐದು ಒಂದು ಲೆಕ್ಕವಾ? ನನಗಿಂತ ಮುಂಚೆ ಏಳು" ಅಂದ ಕುದುರೆಯವ. "ಈ ಮುದುಕನ್ನ ಕೇಳಬೇಡಿ. ಇವನಿಗಿಂತ ಮುಂಚೆ ಒಂದೇ ಒಂದು. ಇವನಿಗೆ ಕೊಟ್ಟಿದ್ದು ಒಂದು ಮುಷ್ಟಿ ತೌಡು, ಅದರಲ್ಲೂ ನುಚ್ಚು ಕಲೆಸಿತ್ತು."

"ಒಂದು ಮುಷ್ಟಿ ತೌಡಿಗೇ ಎಪ್ಪತ್ತು ವರ್ಷ ಬದುಕಿ ಊದ್ತಿದೀನಿ, ನೀನು ಮೂಟೆ ತಿಂದೂ ಕುದುರೆ ಹೊರೋದೇ" ಅಂದ ಮುದುಕ, ಬೀಡಿ ತೆಗೆಯದೆ.

ಒಂದೇ ಬ್ಯಾಂಡಿನಲ್ಲಿ ಒಂದೇ ಹೆಸರಿನವರು ಮೂವರು ಹೇಗೆ ಸೇರಿದಿರಿ ಅಂತ ನಾನು ಕೇಳಿದೆ. ಕುದುರೆಯವ ಹೇಳಿದ: "ನಮ್ಮ ಮೇಸ್ತ್ರಿ ಈ ಹೆಸರಿನೋರು ಬಂದರೆ ಬಿಡಲ್ಲ. ಮದುವೆ ಮುಗಿಯೋ ತನಕ ಸಾಯಲ್ಲ ಅಂತ ನಂಬಿಕೆ." ಅಜ್ಜಿ ಏನಂತೆ ಅಂತ ಕೇಳಿದಳು. ಹೇಳಿದೆ. ಅಜ್ಜಿ ಗಂಭೀರವಾಗಿ ತಲೆಯಾಡಿಸಿ, ಮೇಸ್ತ್ರಿ ಬುದ್ಧಿವಂತ ಅಂದಳು.

ಏಳು ಹೆಣದ ಮೇಲೆ ಹುಟ್ಟಿದ ಕುದುರೆಯವನೇ ಆಗಲಿ ಅಂತ ತೀರ್ಮಾನ ಆಯಿತು. ಆದರೆ ಉಳಿದ ಇಬ್ಬರೂ ಎದ್ದು ಬಂದರು, ವಾದ್ಯ ಸಮೇತ. ಕುದುರೆ ಬಿಚ್ಚಿ ಮತ್ತೆ ಕಟ್ಟಲು ಅರ್ಧ ಗಂಟೆ ಬೇಕಂತೆ, ಹಾಗಾಗಿ ಅವನು ಕುದುರೆ ಸಮೇತವೇ ನಮ್ಮ ಬೀದಿಗೆ ಬಂದ. ಕಾಂಪೌಂಡುಗಳ ಮೇಲೆ ತಲೆಗಳು ಎದ್ದವು.

ಅಮ್ಮ ಮೊದಲು ಕೂಸನ್ನು ಕೊಡಲಿಲ್ಲ. ಸಗಣಿ ಗುಡ್ಡೆ ಮೇಲೆ ಇಡೋದಾ, ನಂಜಾದರೆ ಅಂದಳು. ಅಜ್ಜಿ ಅಮ್ಮನ ಮುಖವನ್ನೇ ನೋಡುತ್ತಾ ನಿಂತಳು. ಅಮ್ಮ ಕಣ್ಣು ತಗ್ಗಿಸಿದಳು. ಒಳಗೆ ಹೋಗಿ ಹಳೆ ಸೀರೆ ನಾಲ್ಕು ಮಡಿಕೆ ಮಾಡಿ ಮೊರದಲ್ಲಿ ಹಾಸಿ, ಅದರ ಮೇಲೆ ಅವನನ್ನು ಮಲಗಿಸಿ, ತಾನೇ ತಂದು ಎಮ್ಮೆಯವನ ಗುಡ್ಡೆಯ ಒಣಗಿದ ಬದಿಯಲ್ಲಿ ಇಟ್ಟಳು. ಇಟ್ಟು ಹಿಂದೆ ಸರಿದಳು. ಕೈ ಮಾತ್ರ ಹಾಗೇ ಮುಂದೆ ಚಾಚಿಕೊಂಡಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಕೂಸು ಕಣ್ಣು ಮುಚ್ಚಿ ಮುಖ ಕಿವುಚಿತು. ಒಂದು ಎಮ್ಮೆ ತಿರುಗಿ ನೋಡಿ ಮತ್ತೆ ಮೆಲುಕು ಹಾಕಿತು.

ಕುದುರೆ ಕುಣಿಯುತ್ತಾ ಬಂತು. ಡೋಲಿನವ ಮೆಲ್ಲಗೆ ಬೆರಳಲ್ಲೇ ನುಡಿಸಿದ. ಕುದುರೆಯವ ಬಗ್ಗಿ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡ. ಎತ್ತಿದ ರೀತಿ ನೋಡಿದರೆ ಗೊತ್ತಾಗುತ್ತಿತ್ತು, ಮನೆಯಲ್ಲಿ ಮಕ್ಕಳಿರುವ ಮನುಷ್ಯ. ಅಜ್ಜಿ ಸೆರಗು ಬಿಗಿದುಕೊಂಡು ಮುಂದೆ ಹೋಗಿ ಕೇಳಿದಳು, ಯಾರದಪ್ಪಾ ಈ ಕೂಸು? ನಾನು ತೆಲುಗಿನಲ್ಲಿ ಹೇಳಿದೆ.

"ನಂದು. ತಿಪ್ಪೆಯಲ್ಲಿ ಸಿಕ್ತು."

"ಕೊಡ್ತೀಯಾ?"

"ಕೊಡಲ್ಲ ಅನ್ನು. ಚೆನ್ನಾಗಿದಾನೆ. ನನ್ನ ಕುದುರೆಗೆ ಸವಾರ ಬೇಕಿತ್ತು."

ಅಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಅಜ್ಜಿಗೆ ಮಾತ್ರ ಖುಷಿ. ಹೀಗೆ ಎಳೆದಾಡಿದರೇ ವ್ಯಾಪಾರ ಗಟ್ಟಿ. "ಸವಾರ ಅಲ್ಲ ಇವನು, ಬರೀ ಉಚ್ಚೆ ಹುಯ್ಯೋ ಸರಕು, ಒಂದು ಮೊರ ತೌಡಿಗಿಂತ ಜಾಸ್ತಿ ಬಾಳಲ್ಲ ಅಂತ ಹೇಳು" ಅಂದಳು. ಹೇಳಿದೆ. ಕುದುರೆಯವ ಕೂಸನ್ನು ಎತ್ತಿ ಹಿಡಿದು ಮುಂದೆ ಹಿಂದೆ ನೋಡಿ, ಸರಿ, ಅಷ್ಟೇ ಬಾಳೋದು ಅಂದ. ಕಾಂಪೌಂಡಿನ ಮೇಲಿನ ತಲೆಗಳು ನಕ್ಕವು. ಅಜ್ಜಿ ತೌಡಿನ ಗಂಟು ಬಿಚ್ಚಿ ಮೊರಕ್ಕೆ ಸುರಿದಳು. ನಮ್ಮೂರಿನ ಮಿಲ್ಲಿನ ವಾಸನೆ ಬಂತು, ಹಸಿಹಸಿ ಸಿಹಿ.

ಆಮೇಲೆ ಅವನು ನನ್ನ ಕಡೆ ತಿರುಗಿ, ಕಿವಿಯಲ್ಲಿ ಏನು ಹೆಸರು ಹೇಳಲಿ, ಕೇಳು ಅಂದ.

"ತೌಡಯ್ಯ ಅನ್ನು. ಅವನ ಹೆಸರೇ" ಅಂದಳು ಅಜ್ಜಿ.

ನಾನು ತೆಲುಗಿನಲ್ಲಿ ಹೇಳಿದೆ: "ಪ್ರದೀಪ ಅನ್ನಬೇಕಂತೆ."

ಕುದುರೆಯವ ನನ್ನನ್ನೇ ನೋಡಿದ. ಬಿಳಿ ಬಣ್ಣದ ಮುಖದಲ್ಲಿ ಕಣ್ಣು ಎರಡು ಕರೀ ಚುಕ್ಕೆ. ಅವನಿಗೆ ಕನ್ನಡ ಬಾರದು, ಆದರೆ ತನ್ನ ಹೆಸರು ಕಿವಿಗೆ ಬಿದ್ದರೆ ಯಾವ ಭಾಷೆಯಲ್ಲಾದರೂ ತಿಳಿಯುವುದಿಲ್ಲವಾ? ನಾನು ಅದನ್ನು ಯೋಚನೆ ಮಾಡಿರಲಿಲ್ಲ. ಅಜ್ಜಿಗೆ ಕೇಳಿಸುವ ಹಾಗೆ ಅವನು ಗದರಲಿಲ್ಲ. ಕುದುರೆ ಸಮೇತ ನನ್ನ ಹತ್ತಿರಕ್ಕೆ ಸರಿದು ಮೆಲ್ಲಗೆ ಕೇಳಿದ.

"ನೀ ಪೇರೇಂಟಿ?"

ನಿನ್ನ ಹೆಸರೇನು ಅಂತ. ನಾನು ನೆಲ ನೋಡಿದೆ.

"ನಮ್ಮವಳೇ ಕಣೋ ಇವಳು. ಮುಖ ನೋಡು, ಹೆಸರು ಕೇಳಿದರೆ ಕಲ್ಲು ಎತ್ತೋ ಹಾಗಿದಾಳೆ. ನಾನೂ ಹಾಗೇ ಇದ್ದೆ" ಅಂದ ಡೋಲಿನವ.

"ನನ್ನನ್ನ ನೋಡಿ ನಗ್ತಾರೆ. ಇವನನ್ನ ನೋಡಿ ನಗೋದು ಬೇಡ" ಅಂದೆ ನಾನು. ಜೋರಾಗಿಯೇ ಅಂದೆ.

"ನಿನಗಿಂತ ಮುಂಚೆ ಎಷ್ಟು ಜನ?" ಅಂದ ಕುದುರೆಯವ.

"ಯಾರೂ ಇಲ್ಲ. ನಾನೇ ಮೊದಲು."

"ಹಾಗಿರೋಕ್ಕಾಗಲ್ಲ. ಮೊದಲ ಕೂಸನ್ನ ಯಾರೂ ತೌಡಿಗೆ ಕೊಳ್ಳಲ್ಲ. ಕೇಳು ನಿಮ್ಮಜ್ಜೀನ."

ಅಜ್ಜಿ ಆಗಲೇ ಎರಡು ಸಲ 'ಏನಂತೆ, ಏನಂತೆ' ಅಂದಿದ್ದಳು. ನಾನು ತಿರುಗಿ, ನನಗಿಂತ ಮುಂಚೆ ಎಷ್ಟು ಜನ ಹೋಗಿದ್ದರು ಅಂತ ಕೇಳಿದೆ. ಅಜ್ಜಿ ತೌಡನ್ನು ಅಂಗೈಯಲ್ಲಿ ಸಮ ಮಾಡುತ್ತಲೇ ಹೇಳಿದಳು, ಅಂಗಡಿ ಸಾಮಾನು ಹೇಳುವ ಹಾಗೆ.

"ಮೂರು. ಎರಡು ಗಂಡು, ಒಂದು ಹೆಣ್ಣು. ನೀನು ನಾಲ್ಕನೇದು. ನಿನ್ನನ್ನ ನಾನೇ ಹೊಸಹಳ್ಳಿ ಅಗಸಗಿತ್ತಿ ಹತ್ತಿರ ಕೊಂಡು ತಂದೆ. ಅವಳು ಎರಡು ಮೊರ ಕೇಳಿದಳು, ಕೊಟ್ಟೆ. ಈಗ್ಯಾಕೆ ಅದೆಲ್ಲ? ಹೆಸರು ಹೇಳು ಅನ್ನು ಅವನಿಗೆ, ಕೂಸಿಗೆ ಬಿಸಿಲು."

ಅಮ್ಮನ ಕಡೆ ನೋಡಿದೆ. ಅಮ್ಮ ಹೌದು ಅನ್ನುವ ಹಾಗೆ ತಲೆ ಆಡಿಸಿದಳು, ಅಷ್ಟೇ. ಹತ್ತು ವರ್ಷ ಒಂದೇ ಮನೆಯಲ್ಲಿದ್ದು ಯಾರೂ ಹೇಳಿರಲಿಲ್ಲ. ಹೇಳಬೇಕು ಅಂತ ಅವರಿಗೆ ತೋಚಲಿಲ್ಲ, ನಾನೂ ಕೇಳಲಿಲ್ಲ. ಹೆಣ್ಣು ಅಂತ ಅಗ್ಗಕ್ಕೆ ಇಟ್ಟ ಹೆಸರಲ್ಲ ಅದು. ಒಂದು ಮೊರಕ್ಕೆ ಸಿಗಬೇಕಾದದ್ದಕ್ಕೆ ಎರಡು ಮೊರ ಕೊಟ್ಟಿದ್ದರು.

ಕುದುರೆಯವ ಕಾಯುತ್ತಿದ್ದ. ಹಿಂದಿನ ಬೀದಿಯಿಂದ ಮೇಸ್ತ್ರಿ ಪೀಪಿ ಊದಿ ಕರೆದ. "ನೀನೇ ಹೇಳು" ಅಂದ ಅವನು ನನಗೆ. "ನೀನು ಹೇಳಿದ್ದನ್ನೇ ಕಿವೀಲಿ ಹೇಳ್ತೀನಿ. ನಿಮ್ಮಜ್ಜಿಗೆ ಗೊತ್ತಾಗಲ್ಲ. ಬೇಗ."

ಹತ್ತು ವರ್ಷದ ಹುಡುಗಿ ಎಷ್ಟು ಯೋಚನೆ ಮಾಡಬಲ್ಲಳೋ ಅಷ್ಟು ಮಾಡಿದೆ. ಆ ಮೂವರನ್ನೂ ನೋಡಿದೆ. ಡೋಲಿನವನ ಹೊಟ್ಟೆ ಕೋಟಿನಿಂದ ಹೊರಗೆ ಬಂದಿತ್ತು. ಮುದುಕನಿಗೆ ಎಪ್ಪತ್ತು. ಇವನು ಏಳು ಜನರ ಮೇಲೆ ಹುಟ್ಟಿ ಬಿಸಿಲಲ್ಲಿ ಕುದುರೆ ಹೊತ್ತು ಕುಣಿಯುತ್ತಿದ್ದ. ಹೆಸರು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಏನು ಬೇಕು? ಆದರೆ ಸ್ಕೂಲಿನ ಹಿಂದಿನ ಬೆಂಚು ಎಂಥದು ಅಂತಲೂ ನನಗೆ ಗೊತ್ತಿತ್ತು.

"ಕಿವಿಗೆ ತವಿಟಯ್ಯ ಅನ್ನು" ಅಂದೆ. "ಸ್ಕೂಲಿಗೆ ಪ್ರದೀಪ."

"ಹಾಗಾದ್ರೆ ಕಿವಿಯಲ್ಲಿ ಗಟ್ಟಿಯಾಗಿ ಕೂರಿಸಬೇಕು" ಅಂದ ಅವನು. ಬಗ್ಗಿ, ಬಣ್ಣ ಮೆತ್ತದ ಹಾಗೆ ಕೈ ಅಡ್ಡ ಹಿಡಿದು, ಕೂಸಿನ ಬಲಗಿವಿಯಲ್ಲಿ ತನ್ನ ಹೆಸರು ಹೇಳಿದ. ಡೋಲಿನವ ಡೋಲು ಪಕ್ಕಕ್ಕೆ ತಳ್ಳಿ ಬಂದು ತಾನೂ ಹೇಳಿದ. ಮುದುಕ ಬೀಡಿ ಎಸೆದು, ಬಾಯಿ ಒರೆಸಿಕೊಂಡು, ಎಲ್ಲರಿಗಿಂತ ಹೆಚ್ಚು ಹೊತ್ತು ಹೇಳಿದ. ಒಂದು ಮುಷ್ಟಿ ತೌಡಿನವನಲ್ಲವಾ, ಪಾಪ, ಸರಿದೂಗಿಸಬೇಕಿತ್ತು. ಆಮೇಲೆ ಮೂವರೂ ನನ್ನ ಕಡೆ ನೋಡಿದರು. ನಾನೂ ಹೋಗಿ ಬಗ್ಗಿ ನನ್ನ ಹೆಸರು ಹೇಳಿದೆ. ಕೂಸು ಸೀನಿತು.

ಅಜ್ಜಿ ಮೊರ ಮುಂದೆ ಹಿಡಿದಳು. ಕುದುರೆಯವ ತೌಡಿಗೆ ಕೈ ಹಚ್ಚಿ, ಕೂಸನ್ನು ಅಜ್ಜಿಯ ಕೈಗೆ ಕೊಡದೆ ಅಮ್ಮನ ಕೈಗೇ ಕೊಟ್ಟ. ಕೊಟ್ಟು ಒಂದು ಸಲ ಕುದುರೆಯನ್ನು ಹಿಂಗಾಲ ಮೇಲೆ ಎಬ್ಬಿಸಿ ಗಿರಕಿ ಹೊಡೆದ. ಆಗ ಮುದುಕ ಕ್ಲಾರಿನೆಟ್ ಎತ್ತಿದ. ಅಷ್ಟು ಸಣಕಲ ಎದೆಯಿಂದ ಅಷ್ಟು ಗಾಳಿ ಎಲ್ಲಿಂದ ಬಂತೋ. ಡೋಲು ಸೇರಿತು. ಎಮ್ಮೆಗಳು ಹಗ್ಗ ಜಗ್ಗಿದವು. ಅಮ್ಮ ಕೂಸನ್ನು ಅವಚಿಕೊಂಡು ನಿಂತಿದ್ದಳು, ನಗುತ್ತಿದ್ದಳು. ಅವಳ ಹಲ್ಲು ನೋಡಿ ನನಗೆ ಎಷ್ಟೋ ತಿಂಗಳಾಗಿತ್ತು.

ಅಪ್ಪನ ಸ್ಕೂಟರ್ ಆ ಹೊತ್ತಿಗೇ ಬೀದಿಗೆ ತಿರುಗಬೇಕಾ! ಸ್ಕೂಟರ್ ನಿಲ್ಲಿಸಿದ, ಆಫ್ ಮಾಡಲಿಲ್ಲ. ತನ್ನ ಮನೆಯ ಪಕ್ಕ ಸಗಣಿ ಗುಡ್ಡೆ, ಗುಡ್ಡೆಯ ಮುಂದೆ ಕುದುರೆ, ಕೆಂಪು ಕೋಟು, ಬ್ಯಾಂಕಿನ ಅಕೌಂಟೆಂಟರ ಹೆಂಡತಿ ಸಮೇತ ಅರ್ಧ ಕಾಲೋನಿ. ಅಪ್ಪನ ಮುಖ ಕೆಂಪಾಯಿತು. ಬಾಯಿ ತೆರೆದ. ಆಮೇಲೆ ಅಮ್ಮನ ಮುಖ ಕಂಡಿತು. ಬಾಯಿ ಮುಚ್ಚಿದ. ಸ್ಕೂಟರ್ ಆಫ್ ಮಾಡಿ ಸ್ಟ್ಯಾಂಡ್ ಹಾಕಿ ನನ್ನ ಹತ್ತಿರ ಬಂದು, ಕಿವಿಯಲ್ಲಿ ಏನು ಹೆಸರು ಹೇಳಿದ ಅವನು, ಅಂತ ಕೇಳಿದ.

"ನೀನು ಗೋಡೆಗೆ ಅಂಟಿಸಿದ್ದು ಸ್ಕೂಲಿಗೆ" ಅಂದೆ. "ಕಿವೀದು ನಮ್ಮ ನಮ್ಮಲ್ಲೇ."

ಅಪ್ಪ ಅಜ್ಜಿಯನ್ನು ನೋಡಿದ. ಅಜ್ಜಿ ಖಾಲಿ ಗಂಟಿನ ಬಟ್ಟೆ ಕೊಡವುತ್ತಿದ್ದಳು, ಯುದ್ಧ ಗೆದ್ದವಳ ಹಾಗೆ. ಅಪ್ಪ ಬ್ಯಾಂಡಿನವರಿಗೆ ಕೈ ಮುಗಿದು, ತನ್ನ ಆಫೀಸಿನ ತೆಲುಗಿನಲ್ಲಿ, ದಯವಿಟ್ಟು ಊಟ ಮಾಡಿಕೊಂಡು ಹೋಗಿ ಅಂದ. ಅವರಿಗೆ ಹೊತ್ತಿರಲಿಲ್ಲ. ಅಮ್ಮ ಒಬ್ಬಟ್ಟು ಬಾಳೆ ಎಲೆಯಲ್ಲಿ ಕಟ್ಟಿ ಕೊಟ್ಟಳು. ಬೆಲ್ಲ ಕಡಿಮೆ ಬಿದ್ದ ಒಬ್ಬಟ್ಟು, ನನ್ನ ಉಪಕಾರ. ತೌಡನ್ನು ಎಮ್ಮೆಯವನಿಗೆ ಕೊಟ್ಟು ಹೋದರು. ಬೀದಿ ತಿರುವಿನಲ್ಲಿ ಕುದುರೆಯವ ಹಿಂದೆ ನೋಡದೆ ಕೂಗಿದ, "ಒಸೇ ತವಿಟಮ್ಮಾ, ವಸ್ತಾಂ!" ಬರ್ತೀವಿ ಕಣೇ ತೌಡಮ್ಮಾ ಅಂತ, ಇಡೀ ಬೀದಿಗೆ ಕೇಳಿಸುವ ಹಾಗೆ. ನಾನು "ಆ" ಅಂದೆ.

ಇಷ್ಟು ಕೇಳಿ ನೀವು, ಮಾರನೇ ಸೋಮವಾರ ಈ ನಿಮ್ಮಜ್ಜಿ ಸ್ಕೂಲಿಗೆ ಹೋಗಿ ಮೊದಲ ನಂಬರು ಬಂದಳು ಅಂದುಕೊಳ್ಳಬೇಡಿ. ಹೋಗಲಿಲ್ಲ. ಹೋಗಬೇಕಿತ್ತು. ಹೆಸರಿನ ಸಿಟ್ಟು ಹೋಗಿತ್ತು, ಆದರೆ ಮನೆಯಲ್ಲಿ ಕೂತು ರೂಢಿ ಆಗಿತ್ತು, ಕೂಸು ಆಡಿಸುವುದು ಓದುವುದಕ್ಕಿಂತ ಸುಲಭ. ನಾಲ್ಕನೇ ಕ್ಲಾಸಿಗೇ ನಿಂತೆ. ಅದು ಆ ಮಕ್ಕಳ ತಪ್ಪಲ್ಲ, ನನ್ನದೇ. ಬರೆದು ಇಟ್ಟುಕೊಳ್ಳಿ.

ಈಗ ನಿಮ್ಮದು ನೋಡಿ. ನೀವು ಹುಟ್ಟುವ ಮುಂಚೆಯೇ ನಿಮ್ಮಮ್ಮ ಫೋನಿನಲ್ಲಿ ಹೆಸರು ಹುಡುಕಿದಳು. ಯಾರಿಗೂ ಇರಬಾರದು, ಎರಡೇ ಅಕ್ಷರ ಇರಬೇಕು, ಅಮೆರಿಕದವರಿಗೂ ಬಾಯಿ ತಿರುಗಬೇಕು. ಹುಡುಕಿ ಹುಡುಕಿ ಇಟ್ಟರೆ ನಿನ್ನ ಕ್ಲಾಸಿನಲ್ಲಿ ಅದೇ ಹೆಸರಿನವರು ನಾಲ್ಕು ಜನ. ಮೇಡಂ ನಿಮ್ಮ ನಾಲ್ವರನ್ನೂ ಇನಿಷಿಯಲ್ ಹಚ್ಚಿ ಕರೆಯುತ್ತಾರೆ. ಅದಕ್ಕೆ ನೀನು ಮೊನ್ನೆ ಮುಖ ಊದಿಸಿಕೊಂಡು ಬಂದೆ. ನಿಮಗೆ ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಕೈಗೆ ಚೀಟಿ ಕಟ್ಟಿದರು, ಸೂಜಿ ಹಾಕಿದರು, ತೂಕ ಬರೆದರು. ಯಾರೂ ಮೂಗಿನ ಹತ್ತಿರ ಬೆರಳು ಹಿಡಿಯಲಿಲ್ಲ. ಅದು ಒಳ್ಳೆಯದು. ನಿಮ್ಮ ಸೂಜಿಯೇ ವಾಸಿ, ತೌಡಲ್ಲ. ನನಗೆ ಅಷ್ಟು ಬುದ್ಧಿ ಇದೆ.

ನಿಮ್ಮ ಚಿಕ್ಕತಾತ ಈಗಲೂ ವಿಶಾಖಪಟ್ಟಣದಲ್ಲೇ ಇದ್ದಾನೆ. ತೆಲುಗಿನಲ್ಲೇ ಯೋಚನೆ ಮಾಡುತ್ತಾನೆ, ಕನ್ನಡ ನನ್ನ ಹತ್ತಿರ ಮಾತ್ರ. ತಲೆ ಬೋಳಾಗಿದೆ, ಸಕ್ಕರೆ ಕಾಯಿಲೆ ಇದೆ, ಬಾಗಿಲ ಮೇಲಿನ ಬೋರ್ಡಿನಲ್ಲಿ ಪ್ರದೀಪ ಅಂತ ಇದೆ. ನಾನು ಭಾನುವಾರ ಭಾನುವಾರ ಫೋನು ಮಾಡುತ್ತೇನೆ. ಮೊದಲ ಮಾತೇ "ಲೋ ತವಿಟಯ್ಯ." ಅವನು ಗಾಬರಿಯಾಗಿ, "ಅಕ್ಕಾ, ಮೆಲ್ಲಗೆ, ಮನೆ ತುಂಬ ಜನ ಇದಾರೆ" ಅನ್ನುತ್ತಾನೆ. ಅಷ್ಟು ಕೇಳಿಸಿಕೊಂಡರೆ ನನಗೆ ಸಾಕು. ಆಮೇಲೆ ಊಟ ಏನು ಮಾಡಿದೆ ಅಂತ ಕೇಳುತ್ತೇನೆ.